ಗೋಕಾಕ ಕಮರಿಯ ಚಾರಣ ಮತ್ತು ಶಿಲಾರೋಹಣ ಹಾದಿಗಳು

ಗೋಕಾಕ ಕಮರಿಯು ಕರ್ನಾಟಕದ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಘಟಪ್ರಭಾ ನದಿಯು ಕೊರೆದಿರುವ, ಕಡಿದಾದ ಬಂಡೆಗೋಡೆಗಳುಳ್ಳ ಕೊಳ್ಳವಾಗಿದೆ. ನದಿಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ಬುಡದಲ್ಲಿ ಈ ಕಮರಿ ಆರಂಭವಾಗಿ ಗೋಕಾಕ ಪಟ್ಟಣದ ಕಡೆಗೆ ಸಾಗುತ್ತದೆ. ಪಟ್ಟಣದಿಂದ ಜಲಪಾತಕ್ಕೆ ಸುಮಾರು 6 ಕಿ.ಮೀ. ದೂರವಿದೆ. ಘಟಪ್ರಭೆಯ ಉಪನದಿಯಾದ ಮಾರ್ಕಂಡೇಯವು ಗೋಕಾಕದ ಸಮೀಪದಲ್ಲಿ ಇಂಥದೇ ಮತ್ತೊಂದು ಕೊಳ್ಳವನ್ನು ನಿರ್ಮಿಸಿದ್ದು, ಗೊಡಚಿನಮಲ್ಕಿ ಜಲಪಾತವು ಅದರಲ್ಲಿದೆ. ಈ ಎರಡು ಕೊಳ್ಳಗಳು ಹಾಗೂ ಅವುಗಳ ಸುತ್ತಲಿನ ಗುಡ್ಡಗಳು ಚಾರಣಿಗರನ್ನು ಆಕರ್ಷಿಸುತ್ತವೆ. ಬಂಡೆ ಹತ್ತುವವರಿಗೂ ಇಲ್ಲಿನ ಗೋಡೆಗಳು ಕುತೂಹಲ ಹುಟ್ಟಿಸುತ್ತವೆ. ಆದರೆ ಬಾದಾಮಿಯಂತೆ ಇದು ಶಿಲಾರೋಹಣದ ಕೇಂದ್ರವಾಗಿ ಬೆಳೆದಿಲ್ಲ. ಇಲ್ಲಿನ ಶಿಲೆಯ ಸ್ವಭಾವ ಹಾಗೂ ಮೇಲಿನ ಅಣೆಕಟ್ಟುಗಳಿಂದ ಬಿಡುವ ನೀರು ಎರಡನ್ನೂ ಅರಿಯದೆ ಕಮರಿಗೆ ಇಳಿಯುವುದು ಅಪಾಯಕಾರಿ.

ಶಿಲೆ

ಕಮರಿಯ ಗೋಡೆಗಳು ಸುಣ್ಣಕಲ್ಲಿನವೆಂದು ಕೆಲವರು ಭಾವಿಸುವುದುಂಟು. ವಾಸ್ತವವಾಗಿ ಅವು ಕಲಾದಗಿ ಶಿಲಾಸಮುದಾಯಕ್ಕೆ ಸೇರಿದ ಮರಳುಗಲ್ಲು ಮತ್ತು ಕ್ವಾರ್ಟ್ಜೈಟ್ ಶಿಲೆಗಳಾಗಿವೆ. ಇಂದಿನ ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರನ್ನು ಹೊತ್ತಿರುವ ಈ ಶಿಲಾಸಮುದಾಯವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ವಿವರಿಸಿದ್ದಾರೆ. ಪ್ರಾಚೀನ ಕಾಲದ ಆಳವಿಲ್ಲದ ಜಲಾನಯನದಲ್ಲಿ ಪದರುಪದರಾಗಿ ಶೇಖರಗೊಂಡ ಮರಳು ಗಟ್ಟಿಯಾಗಿ ಈ ಶಿಲೆಗಳು ರೂಪುಗೊಂಡವು. ಅದೇ ಜಲಾನಯನದಲ್ಲಿ ಸುಣ್ಣಕಲ್ಲು ಮತ್ತು ಡಾಲೊಮೈಟ್‌ನ ಪದರುಗಳೂ ಇರುವುದರಿಂದ ಗೊಂದಲ ಸಹಜವೇ ಆಗಿದೆ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಯಾದವಾಡದ ಪರಿಸರದಲ್ಲಿ ಸುಣ್ಣಕಲ್ಲು ದೊರೆಯುತ್ತದೆ. ಅಲ್ಲಿ ಸಿಮೆಂಟ್ ಕಾರ್ಖಾನೆಯೂ ಇದೆ. ಆದರೆ ಅದು ಗಣಿಗಾರಿಕೆಗೆ ಒದಗುವ ಸುಣ್ಣಕಲ್ಲೇ ಹೊರತು ಆರೋಹಣಕ್ಕೆ ಒದಗುವ ಕಡಿದಾದ ಗೋಡೆಯಲ್ಲ. ಪಶ್ಚಿಮಕ್ಕೆ ಹುಕ್ಕೇರಿ ತಾಲೂಕಿನ ಕಡೆಗೆ ಸಾಗಿದಂತೆ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಕಾಣತೊಡಗುತ್ತದೆ.

ಮರಳುಗಲ್ಲಿನ ಪದರುಗಳು ಹೆಚ್ಚುಕಡಿಮೆ ಸಮತಲವಾಗಿವೆ. ಅವುಗಳನ್ನು ಲಂಬವಾದ ಬಿರುಕುಗಳು ಸೀಳಿರುವುದರಿಂದ ಗೋಡೆಗಳು ಇಟ್ಟಿಗೆ ಜೋಡಿಸಿದಂತೆ ಚೌಕ ಚೌಕವಾಗಿ ಕಾಣುತ್ತವೆ. ಹತ್ತುವವನಿಗೆ ಇದು ಒಮ್ಮೆಗೆ ಅನುಕೂಲವೂ ಅಪಾಯವೂ ಹೌದು. ಸಮತಲ ಅಂಚುಗಳು ಕೈಕಾಲುಗಳಿಗೆ ಆಧಾರ ಒದಗಿಸುತ್ತವೆ ಮತ್ತು ಲಂಬ ಬಿರುಕುಗಳು ಹಗ್ಗದ ಆಸರೆಗಳನ್ನು ಸಿಕ್ಕಿಸಲು ಎಡೆ ಕೊಡುತ್ತವೆ. ಆದರೆ ನಾಲ್ಕೂ ಕಡೆಗಳಿಂದ ಬಿರುಕು ಬಿಟ್ಟ ಬಂಡೆ ತನ್ನ ಭಾರದಿಂದಷ್ಟೇ ನಿಂತಿರುವ ಸಾಧ್ಯತೆಯಿದೆ. ಹೊರನೋಟಕ್ಕೆ ಅಲುಗದ ಅಂಥ ಬಂಡೆ ಮನುಷ್ಯನ ಭಾರ ಬಿದ್ದಾಗ ಕಿತ್ತುಬರಬಹುದು. ಬಿರುಕುಗಳಿಗೆ ಮಳೆನೀರು ಇಳಿದು ಒಳಗಿನ ಮಣ್ಣು ಕೊಚ್ಚಿಹೋದಾಗ ಈ ಅಪಾಯ ಇಮ್ಮಡಿಯಾಗುತ್ತದೆ.

2019ರ ಘಟನೆ ಇದಕ್ಕೆ ನಿದರ್ಶನ. ಆ ವರ್ಷದ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳ ಪ್ರವಾಹಕ್ಕೆ ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಅಕ್ಟೋಬರ್‌ನಲ್ಲಿ ಮತ್ತೆ ಸುರಿದ ಮಳೆಗೆ ಪಟ್ಟಣದ ಪಕ್ಕದ ಮಲ್ಲಿಕಾರ್ಜುನ ಬೆಟ್ಟದ ಭಾರೀ ಬಂಡೆಗಳು ಕೆಳಗಿನ ವಸತಿಯತ್ತ ಉರುಳುವ ಭೀತಿ ಉಂಟಾಯಿತು. ಬೆಟ್ಟದ ಬುಡದ ನಿವಾಸಿಗಳಿಗೆ ಮನೆ ಬಿಡುವಂತೆ ಸೂಚಿಸಲಾಯಿತು ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನು ಕರೆಸಲಾಯಿತು. ಕಮರಿಯ ಅಂಚಿನಲ್ಲಿ ನಿಲ್ಲುವವರು ನೆನಪಿಡಬೇಕಾದ ಘಟನೆಯಿದು.

ನೀರಿನ ಮಟ್ಟ

ಜಲಪಾತದ ಅಂಚು ಕುದುರೆಲಾಳದ ಆಕಾರದಲ್ಲಿದ್ದು ಸುಮಾರು 177 ಮೀಟರ್ ಅಗಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು ಅಂಚಿನುದ್ದಕ್ಕೂ ಧುಮುಕುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿ ಬಂಡೆ ಬಯಲಾಗುತ್ತದೆ. ಈ ಏರಿಳಿತ ಕೇವಲ ಮಳೆಯಿಂದ ಆಗುವಂಥದ್ದಲ್ಲ. ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ 1897ರಲ್ಲಿ ಪೂರ್ಣಗೊಂಡ ಒಡ್ಡು ಇದ್ದು, ಅಲ್ಲಿಂದ ನೀರು ಕಾಲುವೆಗೆ ತಿರುಗುತ್ತದೆ. ಅದಕ್ಕೂ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 1977ರಲ್ಲಿ ಪೂರ್ಣಗೊಂಡ ರಾಜಾ ಲಖಮಗೌಡ ಜಲಾಶಯವಿದ್ದು, ಅದರ ಸಂಗ್ರಹ ಸಾಮರ್ಥ್ಯ 51 ಟಿಎಂಸಿ ಅಡಿ. ಮಾರ್ಕಂಡೇಯ ನದಿಗೂ ಹುಕ್ಕೇರಿ ತಾಲೂಕಿನ ಶಿರೂರಿನಲ್ಲಿ ಅಣೆಕಟ್ಟು ಇದೆ.

ಇದರ ಪರಿಣಾಮವನ್ನು ಚಾರಣಿಗರು ಸರಿಯಾಗಿ ಗ್ರಹಿಸಬೇಕು. ಗೋಕಾಕದಲ್ಲಿ ಆಕಾಶ ಶುಭ್ರವಾಗಿದ್ದರೂ ಪಶ್ಚಿಮ ಘಟ್ಟದ ಮಳೆಗೆ ಜಲಾಶಯ ತುಂಬಿ ಬಾಗಿಲು ತೆರೆದರೆ ಕಮರಿಯಲ್ಲಿ ನೀರು ಏರುತ್ತದೆ. ನದಿಪಾತ್ರದ ಬಂಡೆಗಳ ಮೇಲೆ ದಾಟಿ ಎದುರು ದಂಡೆಗೆ ಹೋದವರಿಗೆ ಹಿಂದಿರುಗುವ ದಾರಿ ಮುಚ್ಚಿಹೋಗಬಹುದು. ಜಲಪಾತದ ಭೋರ್ಗರೆತದಲ್ಲಿ ಕೂಗಿ ಎಚ್ಚರಿಸಿದರೂ ಕೇಳಿಸದು. ಆದುದರಿಂದ ಕೊಳ್ಳಕ್ಕೆ ಇಳಿಯುವ ಮುನ್ನ ಎರಡೂ ಅಣೆಕಟ್ಟುಗಳ ನೀರು ಬಿಡುಗಡೆಯ ಪ್ರಕಟಣೆಯನ್ನು ವಿಚಾರಿಸುವುದು ಅವಶ್ಯಕ. ಸದಾ ತುಂತುರು ಬೀಳುವ ಬಂಡೆಗಳ ಮೇಲೆ ಪಾಚಿ ಕಟ್ಟುವುದರಿಂದ ಒಣಗಿದಂತೆ ಕಂಡ ಜಾಗವೂ ಜಾರುತ್ತದೆ.

ಹಾದಿಗಳು

ಜಲಪಾತದ ಮೇಲ್ಭಾಗ: ಅತ್ಯಂತ ಹೆಚ್ಚು ಜನ ಬಳಸುವ ಹಾದಿಯಿದು. ರಸ್ತೆಯಿಂದ ಕೆಲವೇ ನಿಮಿಷಗಳಲ್ಲಿ ಅಂಚನ್ನು ತಲುಪಬಹುದು. ಜಲಪಾತದ ಪರಿಸರದಲ್ಲಿ ಚಾಲುಕ್ಯ ಶೈಲಿಯ ಹಳೆಯ ದೇವಾಲಯಗಳಿದ್ದು, ಅವುಗಳಲ್ಲಿ ಮಹಾಲಿಂಗೇಶ್ವರ ದೇವಾಲಯ ಮುಖ್ಯವಾದುದು. ನದಿಗೆ ಅಡ್ಡಲಾಗಿರುವ ತೂಗುಸೇತುವೆಯು ಸುಮಾರು 201 ಮೀಟರ್ ಉದ್ದವಿದ್ದು, ನದಿಪಾತ್ರದ ಬಂಡೆಯಿಂದ ಸುಮಾರು 14 ಮೀಟರ್ ಎತ್ತರದಲ್ಲಿದೆ. ಛಾಯಾಚಿತ್ರಕ್ಕಾಗಿ ಅಂಚಿನ ಬಂಡೆಗಳ ತುದಿಗೆ ಹೋಗುವ ರೂಢಿ ಇಲ್ಲಿನ ಅತಿ ದೊಡ್ಡ ಅಪಾಯ; ಹಗ್ಗವಿಲ್ಲದೆ ಅಂಚಿನಲ್ಲಿ ನಿಲ್ಲುವುದನ್ನು ನುರಿತ ಆರೋಹಿಗಳೂ ಮಾಡುವುದಿಲ್ಲ.

ಕಮರಿಯ ತಳ: ಜಲಪಾತದ ಬುಡದಲ್ಲಿ ಗೋಕಾಕ ಗಿರಣಿಯ ವಿದ್ಯುದಾಗಾರವಿದೆ. 1885ರಲ್ಲಿ ಸ್ಥಾಪನೆಯಾದ ಗಿರಣಿಯು ಜಲಪಾತದ ಶಕ್ತಿಯನ್ನು ಬಳಸಿಕೊಂಡೇ ಬೆಳೆಯಿತು. 1887ರಲ್ಲಿಯೇ ಇಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತೆಂಬ ಹೇಳಿಕೆ ಪ್ರಚಲಿತದಲ್ಲಿದೆ. ವಿದ್ಯುದಾಗಾರಕ್ಕೆ ಇಳಿಯಲು ಹಗ್ಗದ ಮೇಲೆ ಚಲಿಸುವ ತೊಟ್ಟಿಲು ಇದ್ದು, ಅದು ಸಿಬ್ಬಂದಿಯ ಬಳಕೆಗೆ ಮೀಸಲಾಗಿದೆ. ಕಮರಿಯ ಗೋಡೆ ಎಷ್ಟು ಕಡಿದಾಗಿದೆ ಎಂಬುದಕ್ಕೆ ಈ ತೊಟ್ಟಿಲೇ ಸಾಕ್ಷಿ. ಈ ಭಾಗ ಖಾಸಗಿ ಸ್ವತ್ತಾಗಿರುವುದರಿಂದ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ.

ಕೊಣ್ಣೂರು: ಜಲಪಾತಕ್ಕೆ ಸಮೀಪದ ಕೊಣ್ಣೂರಿನ ಬಳಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಕಲ್ಲುಚಪ್ಪಡಿಗಳಿಂದ ಕಟ್ಟಿದ ಇವುಗಳನ್ನು ಜನರು ಪಾಂಡವರ ಮನೆಗಳೆಂದು ಕರೆಯುತ್ತಾರೆ. ಇವು ಚಾರಣದ ನಡುವೆ ನೋಡಬೇಕಾದವೇ ಹೊರತು ಹತ್ತಬೇಕಾದವಲ್ಲ.

ಯೋಗಿಕೊಳ್ಳ ಮತ್ತು ಗೊಡಚಿನಮಲ್ಕಿ: ನಡಿಗೆಯ ದೃಷ್ಟಿಯಿಂದ ಈ ಪ್ರದೇಶದ ಅತ್ಯುತ್ತಮ ಹಾದಿಯಿದು. ಗೋಕಾಕದಿಂದ ಸುಮಾರು 15 ಕಿ.ಮೀ. ದೂರದ ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿಯು ಎರಡು ಹಂತಗಳಲ್ಲಿ ಧುಮುಕುತ್ತದೆ. ಮೊದಲ ಹಂತ ಸುಮಾರು 25 ಮೀಟರ್. ಅಲ್ಲಿಂದ ಬಂಡೆಗಳ ನಡುವೆ ಸ್ವಲ್ಪ ದೂರ ಹರಿದು ಸುಮಾರು 18 ಮೀಟರ್ ಎತ್ತರದ ಎರಡನೆಯ ಹಂತವನ್ನು ಇಳಿಯುತ್ತದೆ. ವಾಹನದಲ್ಲಿ ಹೋಗಬಹುದಾದರೂ, ನಿರ್ವಾಣೇಶ್ವರ ಮಠವಿರುವ ಯೋಗಿಕೊಳ್ಳದ ಕಡೆಯಿಂದ ಕಾಡಿನ ಕಾಲುದಾರಿಯಲ್ಲಿ ನಡೆದು ಹೋಗುವವರೂ ಇದ್ದಾರೆ. ಎರಡು ಹಂತಗಳ ನಡುವಣ ಬಂಡೆಹಾಸು ಕುಳಿತು ವಿಶ್ರಮಿಸಲು ಪ್ರಶಸ್ತವೆನಿಸಿದರೂ, ಶಿರೂರಿನಿಂದ ನೀರು ಬಿಟ್ಟಾಗ ಮೊದಲು ಕತ್ತರಿಸಿಹೋಗುವ ಜಾಗವೂ ಅದೇ ಆಗಿದೆ.

ವಲ್ಲಭಗಡ: ಹುಕ್ಕೇರಿ ತಾಲೂಕಿನಲ್ಲಿ ಸಂಕೇಶ್ವರದ ಸಮೀಪವಿರುವ ಈ ಗಿರಿದುರ್ಗಕ್ಕೆ ಹರಗಾಪುರಗಡವೆಂಬ ಹೆಸರೂ ಇದೆ. ಕೊಳ್ಳಗಳು ನೀರಿನಿಂದ ತುಂಬಿರುವ ಮಳೆಗಾಲದಲ್ಲಿ ಚಾರಣಿಗರಿಗೆ ಇದು ಸುರಕ್ಷಿತ ಪರ್ಯಾಯವಾಗಿದೆ.

ಶಿಲಾರೋಹಣ

ಇದೇ ಕಲಾದಗಿ ಜಲಾನಯನದ ಬಾದಾಮಿಯು ದೇಶದ ಪ್ರಮುಖ ಶಿಲಾರೋಹಣ ಕೇಂದ್ರಗಳಲ್ಲಿ ಒಂದಾಗಿದೆ. ಅಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಬೋಲ್ಟ್ ಹಾಕಿದ ಅನೇಕ ಹಾದಿಗಳಿದ್ದು, ‘ಗಣೇಶ’ ಎಂಬ ಹಾದಿಯು ಭಾರತದ ಅತಿ ಕಠಿಣ ಹಾದಿಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಬಾದಾಮಿಯ ಬಂಡೆಗಳ ಬುಡ ಒಣನೆಲವಾಗಿದೆ. ಗೋಕಾಕದಲ್ಲಿ ಗೋಡೆಯ ಬುಡದಲ್ಲೇ ನದಿ ಹರಿಯುತ್ತದೆ ಮತ್ತು ಗೋಡೆಯ ನೆತ್ತಿಯಲ್ಲಿ ಪ್ರವಾಸಿಗರು ಓಡಾಡುತ್ತಾರೆ. ಅವರ ಕಾಲಿಗೆ ತಾಗಿ ಉರುಳಿದ ಸಣ್ಣ ಕಲ್ಲೂ ಕೆಳಗಿರುವವನಿಗೆ ಮಾರಕವಾಗಬಲ್ಲದು. ಚಾಚುಬಂಡೆಗಳ ಅಡಿಯಲ್ಲಿ ಹೆಜ್ಜೇನು ಗೂಡು ಕಟ್ಟಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಆರಂಭಿಕರು ಮೊದಲು ತರಬೇತಿ ಪಡೆಯುವುದು ಉಚಿತ. ಕರ್ನಾಟಕದಲ್ಲಿ ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣದ ಶಿಬಿರಗಳನ್ನು ನಡೆಸುತ್ತದೆ. ಗೋಕಾಕದಂಥ ಬಿರುಕುಬಂಡೆಯಲ್ಲಿ ಹಗ್ಗವನ್ನು ಒಂದೇ ಬಂಡೆಗೆ ಕಟ್ಟದೆ ಪ್ರತ್ಯೇಕವಾದ ಎರಡು ಮೂರು ಆಸರೆಗಳಿಗೆ ಹಂಚುವುದು, ಪ್ರತಿ ಹಿಡಿತವನ್ನು ತಟ್ಟಿ ನೋಡುವುದು, ಶಿರಸ್ತ್ರಾಣ ಧರಿಸುವುದು ಮೂಲಭೂತ ಕ್ರಮಗಳಾಗಿವೆ. ತಟ್ಟಿದಾಗ ಟೊಳ್ಳು ಸದ್ದು ಬರುವ ಬಂಡೆಯನ್ನು ಬಿಟ್ಟುಬಿಡಬೇಕು.

ಪಕ್ಷಿಧಾಮ

ಧೂಪದಾಳ ಜಲಾಶಯವನ್ನು ಒಳಗೊಂಡ ಘಟಪ್ರಭಾ ಪಕ್ಷಿಧಾಮವನ್ನು 1974ರಲ್ಲಿ ಘೋಷಿಸಲಾಗಿದ್ದು, ಇದರ ವಿಸ್ತೀರ್ಣ 29.78 ಚ.ಕಿ.ಮೀ. ಚಳಿಗಾಲದಲ್ಲಿ ಇಲ್ಲಿಗೆ ಡೆಮೊಯ್ಸೆಲ್ ಕ್ರೇನ್ ಮತ್ತು ಯುರೋಪಿನ ಬಿಳಿ ಕೊಕ್ಕರೆಗಳು ವಲಸೆ ಬರುತ್ತವೆ. ಶಿಲಾರೋಹಣಕ್ಕೆ ಹಿತಕರವಾದ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯೇ ಈ ಹಕ್ಕಿಗಳ ವಾಸದ ಕಾಲವೂ ಆಗಿದೆ. ಧಾಮದ ಎಲ್ಲೆಯೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ತಲುಪುವ ಬಗೆ

ಮೀರಜ್–ಲೋಂಡಾ ರೈಲು ಮಾರ್ಗದಲ್ಲಿರುವ ಘಟಪ್ರಭಾ ಮತ್ತು ಗೋಕಾಕ ರೋಡ್ ಸಮೀಪದ ನಿಲ್ದಾಣಗಳು. ಬೆಳಗಾವಿಯಿಂದ ಗೋಕಾಕಕ್ಕೆ ನೇರ ಬಸ್ಸುಗಳಿವೆ. ಗೊಡಚಿನಮಲ್ಕಿಗೆ ಬಸ್ ಸೌಕರ್ಯ ವಿರಳವಾದುದರಿಂದ ಸ್ವಂತ ವಾಹನ ಅನುಕೂಲಕರ.