ಎರೆನಾಡಿನವರ ಕಡಲ ದಾರಿ

ಶನಿವಾರ, ರವಿವಾರಗಳಿಗೆ ಹಬ್ಬದ ರಜೆಯೊಂದು ಕೂಡಿಕೊಂಡರೆ ಸಾಕು, ವಿಜಯಪುರ ಜಿಲ್ಲೆಯ ತರುಣನೊಬ್ಬ ಬೈಕಿಗೆ ಪೆಟ್ರೋಲ್ ತುಂಬಿಸಿಕೊಂಡು ಗೋವಾದ ಕಡೆಗೋ ಅಂಕೋಲೆ, ಗೋಕರ್ಣದ ಕಡೆಗೋ ಒಬ್ಬನೇ ಹೊರಟುಬಿಡುವುದು ಈಗ ಸಾಮಾನ್ಯ. ಮೊದಲೇ ಗೊತ್ತುಮಾಡಿದ ರೂಮಿಲ್ಲ, ಜೊತೆಗಾರರಿಲ್ಲ, ಮನೆಯಲ್ಲಿ ಹೇಳಿದ್ದೂ ಅರ್ಧಂಬರ್ಧ. ಇದರ ಬಗ್ಗೆ ಊರಲ್ಲಿ ಎರಡು ಮಾತು ಕೇಳಿಬರುತ್ತವೆ. ಬೆಂಗಳೂರು, ಪುಣೆಗೆ ನೌಕರಿಗೆ ಹೋದವರಿಂದ ಕಲಿತ ಪೇಟೆಯ ಚಾಳಿ ಇದು ಎನ್ನುವುದು ಒಂದು. ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಎರೆಮಣ್ಣಿನ ಜನಕ್ಕೂ ಕಡಲಿಗೂ ಎತ್ತಣ ಸಂಬಂಧ ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಿಂದ ಸಮುದ್ರಕ್ಕೆ ಹೋಗುವ ದಾರಿಗೆ ಐದು ನೂರು ವರ್ಷಕ್ಕೂ ಮೇಲ್ಪಟ್ಟ ಇತಿಹಾಸವಿದೆ. ಆ ದಾರಿಯಲ್ಲಿ ತಟ್ಟನೆ, ಒಬ್ಬರೇ ಹೊರಡುವುದೂ ಹಳೆಯ ರೂಢಿಯೇ. ಈ ತರುಣನ ಪ್ರಯಾಣದಲ್ಲಿ ನಿಜಕ್ಕೂ ಹೊಸದೆಂದರೆ ಅವನ ರಜೆ.

ಅರಸರ ಕಾಲದಿಂದ ಹಿಡಿದು ನೋಡಬಹುದು. ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾ ಕೊಂಕಣದ ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದು ಘಟ್ಟ ಹತ್ತಿ ಬಂದವನೆಂದು, ವಿಜಯಪುರದ ಆಸ್ಥಾನದಲ್ಲೇ ಕೂತು ಇತಿಹಾಸ ಬರೆದ ಫರಿಶ್ತಾ ಹೇಳುತ್ತಾನೆ. ಗೋವಾ ಆಗ ಈ ರಾಜ್ಯದ ಬಂದರು. ಅರಬಸ್ತಾನದ, ಇರಾನದ ಕುದುರೆಗಳು ಇಳಿಯುತ್ತಿದ್ದುದು ಅಲ್ಲಿ, ಮತ್ತು ಕುದುರೆಯಿಲ್ಲದೆ ದಖ್ಖನಿನಲ್ಲಿ ರಾಜ್ಯವಿಲ್ಲ. 1510ರ ನವೆಂಬರಿನಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವಾವನ್ನು ಕಡೆಯದಾಗಿ ಕಿತ್ತುಕೊಂಡ ಮೇಲೂ ಆ ಬಂದರಿನ ಹಂಬಲ ಇಲ್ಲಿನ ಅರಸರನ್ನು ಬಿಡಲಿಲ್ಲ. 1565ರಲ್ಲಿ ಮುದ್ದೇಬಿಹಾಳ ಸೀಮೆಯ ಕೃಷ್ಣೆಯ ದಂಡೆಯಲ್ಲಿ, ರಕ್ಕಸಗಿ, ತಂಗಡಗಿಗಳ ಹೆಸರಿನೊಂದಿಗೆ ಬೆಸೆದುಕೊಂಡ ಆ ಯುದ್ಧದಲ್ಲಿ, ವಿಜಯನಗರದ ಸೇನೆ ಮುರಿದುಬಿತ್ತು. ಅದಾಗಿ ಐದೇ ವರ್ಷಕ್ಕೆ, 1570ರಲ್ಲಿ, ಒಂದನೆಯ ಅಲಿ ಆದಿಲ್ ಶಾ ಗೋವಾಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಆ ಮುತ್ತಿಗೆ ಕೈಗೂಡದೆ 1571ರಲ್ಲಿ ಮುಗಿಯಿತು. ಪಾಠಪುಸ್ತಕಗಳು ಮೊದಲ ಯುದ್ಧವನ್ನು ಹೇಳಿ ಎರಡನೆಯದನ್ನು ಬಿಡುತ್ತವೆ. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಈ ರಾಜ್ಯದ ಕಣ್ಣು ಎಲ್ಲಿತ್ತೆಂದು ತಿಳಿಯುತ್ತದೆ. ಪಣಜಿಯಲ್ಲಿ ಮಾಂಡೋವಿ ನದಿಯ ದಡದ ಹಳೆಯ ಸಚಿವಾಲಯದ ಕಟ್ಟಡವನ್ನು ಇಂದಿಗೂ ಆದಿಲ್ ಶಾನ ಅರಮನೆಯೆಂದೇ ಕರೆಯುತ್ತಾರೆ. ವಿಜಯಪುರದಿಂದ ಹೋದ ಪ್ರವಾಸಿ ಗೋವಾದಲ್ಲಿ ಅದರ ಮುಂದೆಯೇ ಹಾದುಹೋಗುತ್ತಾನೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಅದು ಅರಮನೆಯವರ ಸಮುದ್ರ, ಇಂಡಿಯ ರೈತನಿಗೆ ಅದರಿಂದ ಬಂದದ್ದೇನು? ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಉಪ್ಪನ್ನು ನೋಡಬೇಕು. ಡೋಣಿ ಹೊಳೆಯ ಸೀಮೆಯನ್ನು ಕುರಿತು ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುವಷ್ಟು ಫಲವತ್ತಾದ ನೆಲ ಇದು. ಆದರೆ ಇಲ್ಲಿನ ಜೋಳದ ರೊಟ್ಟಿಗೆ, ಚಟ್ನಿಗೆ, ದನದ ಮೇವಿಗೆ ಬೇಕಾದ ಉಪ್ಪು ಕರಾವಳಿಯ ಗದ್ದೆಗಳಿಂದ ಬರಬೇಕು. ಅದನ್ನು ತಂದವರು ಲಂಬಾಣಿಗಳು. ಎತ್ತಿನ ಬೆನ್ನಿಗೆ ಚೀಲ ಹೇರಿ, ನೂರಾರು ಎತ್ತುಗಳ ಹಿಂಡು ಕಟ್ಟಿಕೊಂಡು, ಮೇಲಿನಿಂದ ಕಾಳು ಇಳಿಸಿ ಕೆಳಗಿನಿಂದ ಉಪ್ಪು ಹತ್ತಿಸುತ್ತಿದ್ದರು. ಈ ಜಿಲ್ಲೆಯ ತುಂಬ ಹರಡಿರುವ ತಾಂಡಾಗಳ ಹಿಂದೆ ಆ ದಾರಿಗಳ ನೆನಪಿದೆ. ಆಮೇಲೆ ಹತ್ತಿಯ ಕಾಲ ಬಂತು. ಧಾರವಾಡ, ಕಲಾದಗಿ ಸೀಮೆಯ ಕಪ್ಪುಮಣ್ಣಿನ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಜಗತ್ತಿನ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಕುಮಟಾ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನ ಆಡಳಿತದಿಂದ ಬಿಡಿಸಿ ಮುಂಬೈಗೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಆಸೆಯೇ ಅದರ ಹಿಂದಿನ ಒತ್ತಡ. ಬಯಲಿನ ಬೆಳೆಯೊಂದು ಕರಾವಳಿಯ ಜಿಲ್ಲೆಯನ್ನೇ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಎಳೆದುಹಾಕಿತು. ಹೀಗಿರುವಾಗ ಒಳನಾಡಿನವರಿಗೆ ಕಡಲು ಗೊತ್ತಿರಲಿಲ್ಲ ಎನ್ನುವುದು, ಬಂಡಿ ಹೊಡೆದವನನ್ನು ಲೆಕ್ಕದಿಂದ ಬಿಟ್ಟವರ ಮಾತು. ಅರಸನಿಗೆ ಕಾಣದ ಘಟ್ಟದ ತಿರುವು ಆ ಬಂಡಿಯವನಿಗೆ ಗೊತ್ತಿತ್ತು.

ರೈಲು ಬಂದದ್ದು ಬರದ ಬೆನ್ನಿಗೆ. 1876ರಿಂದ 1878ರ ಬರಗಾಲ ಕಲಾದಗಿ ಜಿಲ್ಲೆಯನ್ನು (ವಿಜಯಪುರಕ್ಕೆ ಆಗ ಅದೇ ಹೆಸರು) ಅರ್ಧಜೀವ ಮಾಡಿತು. 1872ರ ಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ ಆರೂವರೆ ಲಕ್ಷದೊಳಕ್ಕೆ ಇಳಿಯಿತು. ಸತ್ತವರು, ಊರು ಬಿಟ್ಟು ಹೋಗಿ ಬರದೇ ಉಳಿದವರು, ಇಬ್ಬರೂ ಆ ಅಂತರದಲ್ಲಿದ್ದಾರೆ. ಇನ್ನೊಮ್ಮೆ ಇಂಥ ಬರ ಬಂದರೆ ಕಾಳು ತಲುಪಿಸಲು ದಾರಿ ಬೇಕೆಂದು ಹೊಟಗಿ–ಗದಗ ಹಳಿ ಹಾಕಿದರು. ಅದು 1884ರಲ್ಲಿ ತೆರೆಯಿತು. ಇಂಡಿಗೆ ಇಂಡಿ ರೋಡ್, ಬಾಗೇವಾಡಿಗೆ ಬಸವನ ಬಾಗೇವಾಡಿ ರೋಡ್ ಎಂದು ಈಗ ಕರೆಯುವ ನಿಲ್ದಾಣಗಳು ಬಂದವು. ಊರಿಗೂ ನಿಲ್ದಾಣಕ್ಕೂ ನಡುವೆ ಬಂಡಿಯ ದಾರಿ ಉಳಿಯಿತು. ಸಿಂದಗಿ, ಮುದ್ದೇಬಿಹಾಳಗಳಿಗೆ ಅದೂ ಇಲ್ಲ. 1880ರ ದಶಕ ಮುಗಿಯುವ ಹೊತ್ತಿಗೆ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಪೋರ್ಚುಗೀಸರ ಪ್ರದೇಶದ ಹಳಿಯೂ ಸಿದ್ಧವಾಗಿ ಲೋಂಡಾದ ಕಡೆಯಿಂದ ಬಂದ ಹಳಿಗೆ ಕೂಡಿಕೊಂಡಿತು. ಎರಡೂ ಮೀಟರ್‌ಗೇಜ್. ಬರದಿಂದ ಕಾಪಾಡಲು ಹಾಕಿದ ಹಳಿ ಹೀಗೆ ಗದಗ, ಹುಬ್ಬಳ್ಳಿಯ ಮೇಲೆ ಹಾಯ್ದು ಕಡಲಿನವರೆಗೆ ಒಂದೇ ಅಳತೆಯಲ್ಲಿ ಹಬ್ಬಿತು. ಕಾಳನ್ನು ಒಳಕ್ಕೆ ತರಲೆಂದು ಕಟ್ಟಿದ ದಾರಿ ಜನರನ್ನು ಹೊರಕ್ಕೂ ಒಯ್ಯತೊಡಗಿತು. ಈ ಜಿಲ್ಲೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಬೇರೆ ಇಲ್ಲವೆಂದು ನನಗನ್ನಿಸುತ್ತದೆ.

1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಒಳನಾಡಿನ ಕನ್ನಡಿಗರೂ ಘಟ್ಟ ಇಳಿದು ಆ ಮರಳಿನ ಮೇಲೆ ನಿಂತರು. ಆದರೆ ನಮ್ಮ ನಾಲ್ಕು ತಾಲೂಕುಗಳನ್ನು ನಿಜಕ್ಕೂ ಕಡಲಿಗೆ ಕಟ್ಟಿಹಾಕಿದ ಗಂಟು ಬಿದ್ದದ್ದು 1961ರ ಡಿಸೆಂಬರ್ 19ರಂದು, ಗೋವಾ ಬಿಡುಗಡೆಯಾದ ದಿನ. ಅದಕ್ಕೂ ಮುಂಚೆ, 1955ರಿಂದ, ಭಾರತದ ನಿರ್ಬಂಧದಿಂದಾಗಿ ಗಡಿಯಾಚೆಯ ರೈಲೂ ನಿಂತಿತ್ತು. ಗಡಿ ತೆರೆದದ್ದೇ ತಡ, ಮುರಗಾಂವ ಬಂದರಿಗೆ ಅದಿರು ಹೊರಲು, ರಸ್ತೆಗೆ ಕಡಿ ಹಾಕಲು, ಆಮೇಲೆ ಹೋಟೆಲುಗಳ ಗೋಡೆ ಎಬ್ಬಿಸಲು ಕೈಗಳು ಬೇಕಾದವು. ಆ ಕೈಗಳಲ್ಲಿ ಅನೇಕವು ಅಖಂಡ ವಿಜಯಪುರ ಜಿಲ್ಲೆ, ಗದಗ, ಕೊಪ್ಪಳ ಕಡೆಯವು. ವಾಸ್ಕೋದ ಬೈನಾ ಕಡಲದಂಡೆಯಲ್ಲಿ, ಜುವಾರಿನಗರದಲ್ಲಿ ಕನ್ನಡದ ಕೇರಿಗಳು ಎದ್ದವು, ಕನ್ನಡ ಶಾಲೆಗಳು ನಡೆದವು. 2011ರ ಗಣತಿಯ ಪ್ರಕಾರ ಗೋವಾದ ಜನರಲ್ಲಿ ಶೇ. 4.65ರಷ್ಟು, ಅಂದರೆ ಸುಮಾರು 68 ಸಾವಿರ ಮಂದಿ, ಕನ್ನಡ ಮನೆಮಾತಿನವರು. ಬೈನಾದ ಹೆಸರಿಗೆ ಇನ್ನೊಂದು ನೋವೂ ಅಂಟಿದೆ. ದೇವದಾಸಿ ಪದ್ಧತಿಯ ಬಲಿಯಾಗಿ ಉತ್ತರ ಕರ್ನಾಟಕದಿಂದ ಬಂದ ಹೆಣ್ಣುಮಕ್ಕಳ ಬದುಕು ಅಲ್ಲಿ ಸವೆಯಿತು. 2004ರಲ್ಲಿ ಆ ಕೇರಿಯನ್ನು ಸರಕಾರ ನೆಲಸಮ ಮಾಡಿತು. 2015ರಲ್ಲಿ ಅದೇ ದಂಡೆಯ ಇನ್ನಷ್ಟು ಮನೆಗಳು ಬಿದ್ದವು. ಅವುಗಳಲ್ಲಿದ್ದವರಲ್ಲಿ ಹೆಚ್ಚಿನವರು ಕನ್ನಡದ ಕೂಲಿಕಾರರು. ಅಂಜುಣ, ಬಾಗಾದ ಮರಳಿನಲ್ಲಿ ಕನ್ನಡಿ ಹಚ್ಚಿದ ಕಸೂತಿ ಚೀಲ, ಮಣಿಸರ ಮಾರುವ ಲಂಬಾಣಿ ಹೆಂಗಸರನ್ನು ಪ್ರವಾಸಿ ನೋಡುತ್ತಾನೆ. ಉಪ್ಪಿನ ವ್ಯಾಪಾರ ಕೈಬಿಟ್ಟ ಸಮುದಾಯವೊಂದು ಕಡಲಿನ ನಂಟನ್ನು ಬೇರೆ ಬಗೆಯಲ್ಲಿ ಮುಂದುವರಿಸಿದೆ. ರಜೆಗೆ ಹೋದವನು ಕಾಲಿಡುವ ರಸ್ತೆ, ಉಳಿಯುವ ಲಾಡ್ಜು, ಕೊಳ್ಳುವ ಮಣಿಸರ, ಎಲ್ಲಕ್ಕೂ ಅವನ ಸೀಮೆಯ ಬೆವರು ತಾಗಿದೆ. ಇದು ಅಭಿಮಾನದ ಉತ್ಪ್ರೇಕ್ಷೆಯಲ್ಲ, ಗೋವಾದ ಕಟ್ಟಡ ಕೆಲಸದ ಇತಿಹಾಸ.

ಗುಳೆ ಹೋಗುವುದನ್ನೂ ವಿಹಾರಕ್ಕೆ ಹೋಗುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹಸಿವಿಗೆ ಬಣ್ಣ ಬಳಿದಂತೆ ಎಂದು ಯಾರಾದರೂ ಹೇಳಿದರೆ ನಾನು ತಲೆಬಾಗುತ್ತೇನೆ. ಹಿಂಗಾರಿ ಮಳೆ ಕೈಕೊಟ್ಟು, ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು ಬಸ್ಸು ಹತ್ತಿದವರ ಪ್ರಯಾಣದಲ್ಲಿ ಸುಖದ ಸುಳಿವೂ ಇಲ್ಲ. ಆದರೆ ನಾನು ಹೋಲಿಸುತ್ತಿರುವುದು ಭಾವನೆಯನ್ನಲ್ಲ, ದಾರಿಯ ತಿಳಿವಳಿಕೆಯನ್ನು. ಗುಳೆ ಹೋಗುವುದು ಕುಟುಂಬವಾದರೂ ದಾರಿ ಕಂಡುಕೊಳ್ಳುವವನು ಸಾಮಾನ್ಯವಾಗಿ ಒಬ್ಬನೇ. ಮೊದಲು ಮನೆಯ ಗಂಡಾಳೊಬ್ಬ ಏನೂ ಗೊತ್ತುಮಾಡಿಕೊಳ್ಳದೆ ಹೋಗಿ, ಮೇಸ್ತ್ರಿಯನ್ನು ಕಂಡು, ತಗಡಿನ ಗುಡಿಸಲು ಹುಡುಕಿ, ಆಮೇಲೆ ಹೆಂಡತಿ ಮಕ್ಕಳನ್ನೂ ಓಣಿಯವರನ್ನೂ ಕರೆಸಿಕೊಳ್ಳುತ್ತಾನೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾರ ಮನೆಯಲ್ಲಿ ಒಂದು ರಾತ್ರಿ ಮಲಗಬಹುದು ಎಂಬ ಮಾಹಿತಿ ಹೀಗೆ ಊರಿನ ಆಸ್ತಿಯಾಗುತ್ತದೆ. ಇವತ್ತಿನ ತರುಣ ರೂಮು ಬುಕ್ ಮಾಡದೆ ಹೊರಡುವ ಧೈರ್ಯವನ್ನು ಮೊಬೈಲಿನಿಂದ ಪಡೆದನೆಂದು ಭಾವಿಸುವುದು ಸುಲಭ. ವಾಸ್ಕೋದಲ್ಲಿ ದೊಡ್ಡಪ್ಪನ ಮಗನೋ ಓಣಿಯ ಗೆಳೆಯನೋ ಇದ್ದಾನೆಂಬ ಅರಿವು ಅದಕ್ಕಿಂತ ಹಳೆಯ ಆಸರೆ. ಮೈಸೂರಿನ ಹುಡುಗನಿಗೆ ಗೋವಾ ಪರವೂರು. ಇಂಡಿಯ ಹುಡುಗನಿಗೆ ಅಲ್ಲಿ ಕನ್ನಡದಲ್ಲಿ, ಅದೂ ತನ್ನ ಸೀಮೆಯ ಕನ್ನಡದಲ್ಲಿ, ದಾರಿ ಕೇಳುವ ಅನುಕೂಲವಿದೆ.

ಇನ್ನು ಕೆಲವರು ಅಂಕಿಅಂಶದ ಕಡೆಯಿಂದ ಬರುತ್ತಾರೆ. ಈ ತಾಲೂಕುಗಳ ಜನ ದುಡಿಯಲು ಹೋದದ್ದು ಗೋವಾಕ್ಕಷ್ಟೇ ಅಲ್ಲ, ಸೊಲ್ಲಾಪುರದ ಗಿರಣಿಗಳಿಗೆ, ಪುಣೆಗೆ, ಮುಂಬೈಗೆ. ಇದು ಸತ್ಯ. 1956ರವರೆಗೆ ಈ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತು, ಇಂಡಿಯವರಿಗೆ ಸೊಲ್ಲಾಪುರ ಇಂದಿಗೂ ಹತ್ತಿರದ ಪೇಟೆ. ಆದರೆ ಗಿರಣಿಗೆ ಹೋದವನು ಗಿರಣಿಯ ಚಾಳಿನಲ್ಲಿ ಉಳಿದ, ಗೋವಾಕ್ಕೆ ಹೋದವನು ಮರಳಿನ ಮೇಲೆಯೇ ಮನೆ ಕಟ್ಟಿದ. ಹಾಗಾಗಿ ಕಡಲು ಈ ಊರುಗಳ ಮಾತಿನಲ್ಲಿ ಬಂದದ್ದು ಮುಖ್ಯವಾಗಿ ಆ ದಾರಿಯಿಂದ. ರಸ್ತೆಯ ನಕ್ಷೆಯೂ ಇದಕ್ಕೆ ಒತ್ತಾಸೆಯಾಗಿದೆ. ಇಂಡಿ ಸೀಮೆಯ ಝಳಕಿ, ಹೊರ್ತಿಗಳನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 52 ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಕಡಲಿಗೆ ಮುಟ್ಟುತ್ತದೆ. ನಡುವೆ ಕೃಷ್ಣೆಯ ಸೇತುವೆಯ ಬಳಿ ಕೊಲ್ಹಾರದ ಮಣ್ಣಿನ ಕುಡಿಕೆಯ ಗಟ್ಟಿ ಮೊಸರು ಮಾರಾಟಕ್ಕಿರುತ್ತದೆ. ಆಲಮಟ್ಟಿಯ ಹಿನ್ನೀರು ಹಳೆಯ ಕೊಲ್ಹಾರವನ್ನು ನುಂಗಿದ ಮೇಲೂ ಆ ಮೊಸರಿನ ಹೆಸರು ಮುಳುಗಲಿಲ್ಲ. ಹತ್ತಿಯ ಬಂಡಿಗಳು ಇಳಿದ ಘಟ್ಟಗಳ ದಿಕ್ಕೂ ಈ ಹೆದ್ದಾರಿಯ ದಿಕ್ಕೂ ಒಂದೇ.

ಉಳಿದದ್ದು ರಜೆಯ ವಿಚಾರ. ವಾರದ ಬಿಡುವು ಈ ನಾಡಿಗೆ ಹೊಸದಲ್ಲ. ಆದರೆ ಅದು ಮೊದಲು ಸಿಕ್ಕದ್ದು ಎತ್ತಿಗೆ. ಬಸವಣ್ಣನ ವಾರವೆಂದು ಸೋಮವಾರ ನೊಗ ಹೂಡದಿರುವ ಪದ್ಧತಿ ಬಸವನ ಬಾಗೇವಾಡಿಯ ಸುತ್ತಲಿನ ರೈತರಲ್ಲಿ ಬೇರೂರಿದೆ. ಎತ್ತು ನಿಂತ ದಿನ ಮನುಷ್ಯನಿಗೆ ಸಂತೆ, ಮದುವೆ ಮಾತು, ಬೀಗರ ಮನೆ ಇರುತ್ತಿದ್ದವು. ದೂರ ಹೋಗುವುದಕ್ಕೆ ಬೇರೆ ಹೊತ್ತು ಇತ್ತು. ಸುಗ್ಗಿ ಮುಗಿದ ಮೇಲೆ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ, ಆಷಾಢಕ್ಕೆ ಪಂಢರಪುರದ ದಿಂಡಿ. ಕಂಬಿ ಹೊತ್ತು ನೂರಾರು ಮೈಲಿ ನಡೆಯುವವನಿಗೆ ದಾರಿಯುದ್ದಕ್ಕೂ ದಾಸೋಹದ ಅನ್ನ ಸಿಗುತ್ತದೆಂಬ ನಂಬಿಕೆ ಸಾಕಾಗಿತ್ತು, ಸಿದ್ಧತೆ ಬೇಕಿರಲಿಲ್ಲ. ಅಂದರೆ ದುಡಿಮೆಯ ಹಂಗಿಲ್ಲದೆ ದೂರ ಹೋಗಿ ಮರಳುವ ರೂಢಿ ಇಲ್ಲಿ ಆಗಲೇ ಇತ್ತು, ಅದಕ್ಕೆ ದೇವರ ಹೆಸರು ಬೇಕಿತ್ತು, ಅಷ್ಟೇ. ಸಂಬಳದ ನೌಕರಿ ಬಂದ ಮೇಲೆ ರವಿವಾರ, ಎರಡನೇ ಶನಿವಾರ, 2019ರಿಂದ ರಾಜ್ಯ ಸರಕಾರಿ ನೌಕರರಿಗೆ ನಾಲ್ಕನೇ ಶನಿವಾರವೂ ಸೇರಿ, ದೇವರ ಹೆಸರಿಲ್ಲದ ಬಿಡುವು ಹುಟ್ಟಿತು. ಶಿಕ್ಷಕ, ಗ್ರಾಮ ಲೆಕ್ಕಿಗ, ಬ್ಯಾಂಕಿನ ಗುಮಾಸ್ತ, ಇವರ ಮನೆಯ ಮಕ್ಕಳು ಆ ಬಿಡುವನ್ನು ಹಳೆಯ ದಾರಿಗೆ ಜೋಡಿಸಿದರು.

ಹಾಗೆಂದು ಎಲ್ಲರಿಗೂ ಆ ಬಿಡುವು ಬಂದಿಲ್ಲ. ಗೋವಾದ ಕಟ್ಟಡಗಳಲ್ಲಿ ದಿನಗೂಲಿಗೆ ಇರುವವನಿಗೆ ಶನಿವಾರ, ರವಿವಾರವೆಂದರೆ ಒಂದು ದಿನದ ಪಗಾರು ಸಿಗುವುದೋ ಬಿಡುವುದೋ ಎಂಬ ಲೆಕ್ಕ, ಮತ್ತು ಪ್ರವಾಸಿಗರ ಗದ್ದಲ ಹೆಚ್ಚುವ ದಿನಗಳು. ಅವನ ರಜೆ ಮೊಹರಂನಲ್ಲಿ, ದಸರೆಯಲ್ಲಿ, ಊರ ಜಾತ್ರೆಯಲ್ಲಿ, ಓಟು ಹಾಕುವ ದಿನಗಳಲ್ಲಿ ಬರುತ್ತದೆ. ಆಗ ವಾಸ್ಕೋ, ಪಣಜಿಯಿಂದ ವಿಜಯಪುರದ ಕಡೆ ಬರುವ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. 300 ಕಿಲೋಮೀಟರಿಗೂ ಹೆಚ್ಚಿನ ಅದೇ ರಸ್ತೆಯಲ್ಲಿ ಅವನು ಕಡಲನ್ನು ಬಿಟ್ಟು ಎರೆಹೊಲದ ಕಡೆ ವಿಹಾರಕ್ಕೆ ಬರುತ್ತಾನೆ, ಎರಡು ದಿನ ಇದ್ದು ಹೋಗುತ್ತಾನೆ. ಪ್ರವಾಸೋದ್ಯಮದ ಲೆಕ್ಕದಲ್ಲಿ ಬೈಕಿನ ತರುಣ ಪ್ರವಾಸಿ, ಬಸ್ಸಿನ ಕೂಲಿಕಾರ ವಲಸಿಗ. ಈ ಸೀಮೆಯ ಚರಿತ್ರೆ ಬರೆಯುವವರು ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಇಡಬೇಕು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಹೀಗೆ, ಇನ್ನೊಬ್ಬ ಹಾಗೆ ಹೋಗಿರುವ ಊರುಗಳು ಈ ನಾಲ್ಕೂ ತಾಲೂಕುಗಳಲ್ಲಿವೆ.