ಗಂಗಾಮೂಲದ ರಮಾ, ಪುಣೆಯ ಶಾರದಾ ಸದನ

ಹದಿನಾರರ ಮಗಳು ದಿನಗಟ್ಟಲೆ ಮಂಕಾಗಿ ಕೂತರೆ "ಅವಳ ಸ್ವಭಾವವೇ ಹಾಗೆ" ಎಂದುಬಿಡುತ್ತೇವೆ. ಸ್ವಭಾವದ ಪಾಲೆಷ್ಟು, ಮನೆಯ ಕಷ್ಟದ ಪಾಲೆಷ್ಟು? ಈ ಪ್ರಶ್ನೆ ಇಟ್ಟುಕೊಂಡು ಪುಣೆಯ ಇತಿಹಾಸ ಓದುವಾಗ ನನಗೆ ಎದುರಾದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಪುಣೆಯ ಕನ್ನಡಿಗರಲ್ಲೇ ಇದು ಎಷ್ಟೋ ಜನರಿಗೆ ಗೊತ್ತಿಲ್ಲ!

ತಂದೆಗೆ ವಯಸ್ಸಾಗಿದ್ದರಿಂದ ತಾಯಿ ಲಕ್ಷ್ಮೀಬಾಯಿಯೇ ಎಂಟರಿಂದ ಹದಿನೈದರ ವಯಸ್ಸಿನವರೆಗೆ ಮಗಳಿಗೆ ಸಂಸ್ಕೃತ ಕಲಿಸಿದರು. ಅಕ್ಕನ ಬಾಲ್ಯವಿವಾಹ ಕೆಟ್ಟು ಕೋರ್ಟು ಮೆಟ್ಟಿಲೇರಿದ್ದರಿಂದ ರಮಾಳಿಗೆ ಬೇಗ ಮದುವೆ ಮಾಡಲಿಲ್ಲ. ಪುರಾಣ ಹೇಳುತ್ತಾ ಊರೂರು ಅಲೆಯುತ್ತಿದ್ದ ಈ ಕುಟುಂಬಕ್ಕೆ ಬರಗಾಲ ಬಡಿಯಿತು. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಅಭಿಮಾನ ಬಿಡದು. ತಂದೆ ಜಲಸಮಾಧಿಗೇ ಸಿದ್ಧರಾದರು. ಕೂಲಿ ಮಾಡಿಯಾದರೂ ಸಾಕುತ್ತೇನೆಂದು ಅಣ್ಣ ಶ್ರೀನಿವಾಸ ಮುಂದೆ ಬಂದ ಮೇಲೆ ಆ ಯೋಚನೆ ಬಿಟ್ಟರು. ಆದರೂ 1874ರಲ್ಲಿ ತಂದೆ, ಬೆನ್ನಲ್ಲೇ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ರಮಾಳಿಗೆ ಆಗ ಸುಮಾರು ಹದಿನಾರು. ಇದನ್ನೆಲ್ಲ ಅವರೇ ಮುಂದೆ ಬರೆದಿದ್ದಾರೆ.

ನಾಲ್ಕು ವರ್ಷದಲ್ಲಿ, 1878ರಲ್ಲಿ, ಕಲ್ಕತ್ತೆಯ ವಿದ್ವಾಂಸರು ಅದೇ ಹುಡುಗಿಯನ್ನು ಪಂಡಿತೆ, ಸರಸ್ವತಿ ಎಂದು ಗೌರವಿಸಿದರು. ಗಟ್ಟಿಗಿತ್ತಿ, ನಿಜ. ಆದರೆ ಅಷ್ಟೇ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಮ್ಮ ಕಲಿಸಿದ ಪಾಠ ಜೊತೆಗಿತ್ತು, ನಡೆಯಲು ಅಣ್ಣ ಪಕ್ಕದಲ್ಲಿದ್ದ. ಇವೆರಡೂ ಇಲ್ಲದಿದ್ದರೆ ಆ ಗಟ್ಟಿತನ ಎಲ್ಲಿಯವರೆಗೆ ಬರುತ್ತಿತ್ತು?

1880ರಲ್ಲಿ ಅಣ್ಣ, 1882ರಲ್ಲಿ ಗಂಡ ತೀರಿಹೋದ ಮೇಲೆ ಪುಟ್ಟ ಮಗಳು ಮನೋರಮೆಯೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿಗೆ ಬಂದವರಲ್ಲಿ ಬಾಲವಿಧವೆಯರಿದ್ದರು. ತಲೆ ಬೋಳಿಸಿಕೊಂಡು, ಅಪಶಕುನ ಎನಿಸಿಕೊಂಡು, ಒಪ್ಪೊತ್ತು ಉಂಡು, ದಿನವಿಡೀ ದುಡಿಯುವ ಹುಡುಗಿ ಮಾತಾಡದಿದ್ದರೆ ಅದು ಸ್ವಭಾವವೇ? ಐಟಿಯವರ ಭಾಷೆಯಲ್ಲಿ ಹೇಳುವುದಾದರೆ, ತೊಂದರೆ ಸರ್ವರಿನಲ್ಲಿ, ನಾವು ಬೈಯುವುದು ಸ್ಕ್ರೀನಿಗೆ. ರಮಾಬಾಯಿ ಅವರ ಕೈಗೆ ಪುಸ್ತಕ ಕೊಟ್ಟರು, ಓಡಾಡಲು ತೋಟ ಕೊಟ್ಟರು. ಎಂಟನೆಯ ವಯಸ್ಸಿಗೇ ವಿಧವೆಯಾದ ದೇವರುಖದ ಗೋದೂಬಾಯಿ ಇಪ್ಪತ್ತು ದಾಟಿದ ಮೇಲೆ ಇಲ್ಲಿ ಅಕ್ಷರ ಕಲಿತು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಎನಿಸಿದರು.

ಅದೇ ವರ್ಷ ಮತಾಂತರದ ಗಲಾಟೆಯೆದ್ದು ರಾನಡೆ, ಭಾಂಡಾರ್ಕರ್ ಸದನದಿಂದ ದೂರ ಸರಿದರು. ಅನೇಕ ಮನೆಗಳವರು ಹುಡುಗಿಯರನ್ನು ವಾಪಸು ಕರೆದೊಯ್ದರು. ಎರಡೂ ಕಡೆಯ ವಾದಕ್ಕೆ ಬಲವಿತ್ತು. ಆದರೆ ಅದೇ ಮನೆಗೆ ಹಿಂದಿರುಗುವ ಹುಡುಗಿಯ ಮನಸ್ಸು ಆ ಜಗಳದ ವಿಷಯವಾಗಲಿಲ್ಲ.

1896-97ರಲ್ಲಿ ಮತ್ತೆ ಬರ ಬಂದಾಗ ರಮಾಬಾಯಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ನಾವು ಕಲಬುರಗಿಗೆ ಹೋಗುವ ರೈಲು ಆ ಸ್ಟೇಷನ್ ದಾಟಿಯೇ ಹೋಗುತ್ತದೆ.