ಮೂವತ್ತು ವರ್ಷದ ಭವಿಷ್ಯ ಒಂದೇ ಸಂಜೆಗೆ

ಮದರಾಸಿಗೆ ಚೆನ್ನೈ ಎಂಬ ಹೆಸರು ಬರುವ ಹಿಂದಿನ ವರ್ಷ, 1995ರ ಮೇ 1ರಂದು, ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಹಗಲೆಲ್ಲ ಕಾರ್ಟೂನು, ರಾತ್ರಿಯಾದರೆ ಅದೇ ಚಾನೆಲ್ಲಿನಲ್ಲಿ ಟಿಎನ್‌ಟಿಯ ಹಳೆಯ ಹಾಲಿವುಡ್ ಸಿನಿಮಾ. ಅಲ್ಲಿಯವರೆಗೆ ಮೈಲಾಪುರದ ತಮಿಳರ ಮನೆಯಿರಲಿ, ಟಿ. ನಗರದ ಕನ್ನಡಿಗರ ಮನೆಯಿರಲಿ, ಮಕ್ಕಳ ಪಾಲಿಗೆ ದೂರದರ್ಶನ ಕೊಟ್ಟಷ್ಟೇ ಕಾರ್ಟೂನು: ಹೀ-ಮ್ಯಾನ್, ಸ್ಪೈಡರ್-ಮ್ಯಾನ್, ಆಮೇಲೆ ಹಿಂದಿ ಮಾತಾಡುವ ಮೋಗ್ಲಿ.

ಹೊಸ ಚಾನೆಲ್ಲಿನ ಬಂಡವಾಳವೆಲ್ಲ ಹಳೆಯದು. ಚಾನೆಲ್ಲಿನ ಒಡೆಯ ಟೆಡ್ ಟರ್ನರ್ 1991ರಲ್ಲಿ ಹ್ಯಾನಾ-ಬಾರ್ಬೆರಾ ಸಂಸ್ಥೆಯನ್ನು ಕೊಂಡಾಗ ಅದರ ಉಗ್ರಾಣದ ಜತೆಗೆ ರೂಬಿ-ಸ್ಪಿಯರ್ಸ್ ಸಂಸ್ಥೆಯ ಸರಣಿಗಳೂ ಅವನ ಕೈಸೇರಿದ್ದವು. ಹಾಗಾಗಿ 1962ರ ‘ಜೆಟ್ಸನ್ಸ್’, 1964ರ ‘ಜಾನಿ ಕ್ವೆಸ್ಟ್’, 1986ರ ‘ಸೆಂಚೂರಿಯನ್ಸ್’, 1993ರ ‘ಸ್ವಾಟ್ ಕ್ಯಾಟ್ಸ್’ ಎಲ್ಲವೂ ಇಲ್ಲಿನ ಮಕ್ಕಳ ಮುಂದೆ ಒಂದೇ ಕಾಲದ ಕಥೆಗಳಾಗಿ ಬಂದು ನಿಂತವು. ಅಮೆರಿಕದ ಮಕ್ಕಳು ಮೂರು ತಲೆಮಾರುಗಳಲ್ಲಿ ಕಂಡದ್ದನ್ನು ನಮ್ಮ ಮಕ್ಕಳು ಹೋಂವರ್ಕ್ ಮುಗಿಸಿ ಒಂದೇ ಸಂಜೆ ನೋಡಿಬಿಟ್ಟರು. ಯಾವುದು ಅಜ್ಜನ ಕಾಲದ್ದು, ಯಾವುದು ನಿನ್ನೆಯದು ಎಂದು ಹೇಳುವವರು ಯಾರೂ ಇರಲಿಲ್ಲ. ದೊಡ್ಡವರಾದ ಮೇಲೆ ಇವನ್ನು ಮತ್ತೆ ಹುಡುಕಿ ನೋಡುವವರಿಗೆ ಇಸವಿಯ ಪ್ರಕಾರ ಜೋಡಿಸಿಕೊಂಡು ನೋಡುವ ಸುಖವೊಂದಿದೆ. ಹಾಗೆ ನೋಡಿದಾಗ ಪ್ರತಿ ಕಾಲವೂ ಯಾವ ಭವಿಷ್ಯಕ್ಕೆ ಆಸೆಪಟ್ಟಿತು, ಯಾವುದಕ್ಕೆ ಹೆದರಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

‘ಜೆಟ್ಸನ್ಸ್’ ನಡೆಯುವುದು ನೂರು ವರ್ಷ ಮುಂದೆ, 2062ರಲ್ಲಿ. ಮುಖ ನೋಡಿಕೊಂಡು ಮಾತಾಡುವ ಫೋನು, ಹಾರುವ ಕಾರು, ಗುಂಡಿ ಒತ್ತಿದರೆ ಊಟ. ಮೊದಲ ಬಾರಿ ತಯಾರಾದದ್ದು ಬರೀ 24 ಕಂತು; ಉಳಿದವು ಸೇರಿಕೊಂಡದ್ದು 1985ರಿಂದ ಮುಂದೆ. ಈಗ ನೋಡಿದರೆ ಯಂತ್ರಗಳಿಗಿಂತ ಹೆಚ್ಚಾಗಿ ಕಾಣುವುದು ಬದಲಾಗದೆ ಉಳಿದ ಸಂಸಾರ: ಗಂಡ ಆಫೀಸಿಗೆ, ಹೆಂಡತಿ ಅಂಗಡಿಗೆ. ಅಲ್ಲಿಯೂ ಮನೆಗೆಲಸಕ್ಕೆ ಬಂದ ರೋಸಿ ಎಂಬ ರೋಬೋ ಹಳೇ ಮಾಡೆಲ್. ಹೊಸದಕ್ಕೆ ದುಡ್ಡು ಸಾಲದೆ ಅವಳನ್ನು ಇಟ್ಟುಕೊಳ್ಳುತ್ತಾರೆ. ಅವಳಿಗೆ ಎಲ್ಲಿ ಜಾಗ ಎಂಬ ಮೊದಲ ಕಂತಿನ ಸಂಕಟ ಇಡೀ ಸರಣಿಯಲ್ಲಿ ನನಗೆ ಹೆಚ್ಚು ನಿಜವೆನಿಸುವ ಭಾಗ.

‘ಜಾನಿ ಕ್ವೆಸ್ಟ್’ ಡಗ್ ವೈಲ್ಡಿ ರೂಪಿಸಿದ ಸಾಹಸ ಸರಣಿ, 26 ಕಂತು. ಇಂದಿಗೂ ಅದರ ನೆರಳು-ಬೆಳಕಿನ ಚಿತ್ರಗಳ ಮುಂದೆ ಕಣ್ಣು ನಿಲ್ಲುತ್ತದೆ. ಆದರೆ ಕಲ್ಕತ್ತೆಯಿಂದ ಬಂದ ಹಾಜಿ ಎಂಬ ಹುಡುಗನಿಗೆ ಪೇಟ ಸುತ್ತಿ, ಮಂತ್ರ ಹೇಳಿಸಿ, ಹಗ್ಗ ಕುಣಿಸುವ ಕೆಲಸ ಕೊಟ್ಟಿದ್ದಾರೆ. ಚಿಕ್ಕಂದಿನಲ್ಲಿ ಟಿವಿಯಲ್ಲಿ ನಮ್ಮವನೊಬ್ಬ ಇದ್ದಾನಲ್ಲ ಎಂದು ಖುಷಿಪಟ್ಟವರಿಗೆ ಈಗ ಅದು ಚುಚ್ಚುತ್ತದೆ. 1996ರ ಹೊಸ ಆವೃತ್ತಿಯಲ್ಲಿ ಹಾಜಿ ಓದುಗ, ವಿಚಾರವಂತ. ಕೊನೆಗೆ ಬೆಂಗಳೂರಿನ ಸುಲ್ತಾನನ ಪಟ್ಟಕ್ಕೆ ವಾರಸುದಾರನೂ ಆಗುತ್ತಾನೆ. ಅಂಥದ್ದೊಂದು ಪಟ್ಟ ಆ ಊರಿನಲ್ಲಿ ಎಂದೂ ಇರಲಿಲ್ಲ. ಆದರೂ ಮೂವತ್ತು ವರ್ಷದಲ್ಲಿ ಆ ಹುಡುಗನಿಗೆ ಒಂದು ಮನಸ್ಸು ಬಂತು ಎಂಬುದು ಸಣ್ಣ ಸಂಗತಿಯಲ್ಲ.

ಎಂಬತ್ತರ ದಶಕದಲ್ಲಿ ಕಾರ್ಟೂನ್ ಕ್ಷೇತ್ರವನ್ನು ನಡೆಸಿದ್ದು ಆಟಿಕೆ ವ್ಯಾಪಾರ. ಮಕ್ಕಳ ಕಾರ್ಯಕ್ರಮಗಳ ಮೇಲಿನ ಜಾಹೀರಾತು ಕಟ್ಟಳೆಗಳನ್ನು ಅಮೆರಿಕ ಸರ್ಕಾರ ಸಡಿಲಿಸಿದ ಮೇಲೆ ಗೊಂಬೆ ಮಾರಲೆಂದೇ ಸರಣಿಗಳು ಹುಟ್ಟಿಕೊಂಡವು. ಜಿ.ಐ. ಜೋ ಗೊಂಬೆಗಳು ನಮಗೂ ಸಿಕ್ಕಿದ್ದು ಚೆನ್ನೈನ ಎಂಆರ್‌ಎಫ್ ಬಳಗದ ಫನ್‌ಸ್ಕೂಲ್‌ನಿಂದ. ಕೆನ್ನರ್ ಕಂಪನಿಯ ಗೊಂಬೆಗಳ ಬೆನ್ನಿಗೆ ಬಂದ ‘ಸೆಂಚೂರಿಯನ್ಸ್’ 65 ಕಂತಿನದು. ಕಲ್ಪನೆಯ ಚಿತ್ರಗಳಲ್ಲಿ ಜ್ಯಾಕ್ ಕರ್ಬಿಯ ಕೈಯಿದೆ, ಚಲನೆ ಕೊಟ್ಟವರು ‘ಗುಂಡಮ್’ ಮಾಡಿದ ಜಪಾನಿನ ಸನ್‌ರೈಸ್‌ನವರು. ನೀರಿಗೆ ಮ್ಯಾಕ್ಸ್, ನೆಲಕ್ಕೆ ಜೇಕ್, ಆಕಾಶಕ್ಕೆ ಏಸ್. ಬಾಹ್ಯಾಕಾಶದ ನೆಲೆಯಿಂದ ಆಯುಧಗಳು ಇಳಿದು ಅವರ ಮೈಗೆ ಅಂಟಿಕೊಳ್ಳುತ್ತವೆ. ಎದುರಾಳಿ ಡಾಕ್ ಟೆರರ್ ಅರ್ಧ ಮನುಷ್ಯ, ಅರ್ಧ ಯಂತ್ರ. ನಾಯಕರೂ ಯಂತ್ರ ತೊಟ್ಟವರೇ, ಆದರೆ ಕೆಲಸ ಮುಗಿದ ಮೇಲೆ ಅವರು ಅದನ್ನು ಕಳಚಿಡಬಲ್ಲರು. ಒಳಿತು ಕೆಡುಕಿನ ಗೆರೆಯನ್ನು ಎಳೆದಿರುವುದು ಅಲ್ಲಿ. ಗೊಂಬೆ ಮಾರಲು ಬರೆದ ಕಥೆಯೊಳಗೆ ಇಷ್ಟು ಗಟ್ಟಿ ವಿಚಾರ ಕೂತಿದೆಯೆಂದು ಮೊಬೈಲು ಕೈಬಿಡದ ಈ ವಯಸ್ಸಿನಲ್ಲಿ ಗೊತ್ತಾಗುತ್ತದೆ.

ಇವೆಲ್ಲದರಲ್ಲಿ ಭಾರತೀಯರು ತಮ್ಮದೆಂದು ಎದೆಗೊತ್ತಿಕೊಂಡದ್ದು ‘ಸ್ವಾಟ್ ಕ್ಯಾಟ್ಸ್’. ಕ್ರಿಶ್ಚಿಯನ್ ಮತ್ತು ಇವಾನ್ ಟ್ರೆಂಬ್ಲೆ ಸೋದರರ ಸೃಷ್ಟಿ. ಹುಟ್ಟಿದ ನಾಡಿನಲ್ಲಿ ಎರಡೇ ಸೀಸನ್ನಿಗೆ, 1995ರಲ್ಲಿ ನಿಂತುಹೋಯಿತು. ಇಲ್ಲಿ ಮರುಪ್ರಸಾರದ ಮೇಲೆ ಮರುಪ್ರಸಾರ ಕಂಡಿತು. ನೆನಪಿನಲ್ಲಿ ಉಳಿದಿದ್ದದ್ದು ವಿಮಾನ ಮತ್ತು ಗಿಟಾರ್. ಈಗ ಮನಸ್ಸು ಹಿಡಿಯುವುದು ಸಾಲ. ಮೇಲಧಿಕಾರಿಯ ಹಟದಿಂದ ಇಬ್ಬರು ಪೈಲಟ್‌ಗಳ ವಿಮಾನ ಪಡೆಯ ಮುಖ್ಯ ಕಚೇರಿಗೇ ಬಡಿಯುತ್ತದೆ, ನೌಕರಿ ಹೋಗುತ್ತದೆ, ನಷ್ಟ ತುಂಬಿಕೊಡಲು ಗುಜರಿ ಅಂಗಳದಲ್ಲಿ ದುಡಿಯಬೇಕಾಗುತ್ತದೆ. ಅಲ್ಲಿಯ ಬಿಡಿಭಾಗಗಳಿಂದಲೇ ಅವರು ಟರ್ಬೋಕ್ಯಾಟ್ ಕಟ್ಟಿಕೊಳ್ಳುತ್ತಾರೆ. ಹಳೇ ಗಾಡಿಗಳನ್ನು ಬಿಚ್ಚಿ ಗುಡ್ಡೆ ಹಾಕಿದ ಪುದುಪೇಟೆಯ ಬೀದಿಗಳನ್ನು ಕಂಡ ಚೆನ್ನೈನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಯರ್ ಗಾಲ್ಫ್ ಆಡುತ್ತಾನೆ. ಊರು ನಡೆಸುವವಳು ಉಪಮೇಯರ್ ಕ್ಯಾಲಿ. ಮಕ್ಕಳ ಕಾರ್ಟೂನಿನಲ್ಲಿ ಪಗಾರ, ಋಣ, ನಗರಾಡಳಿತ ಇಷ್ಟು ನೇರವಾಗಿ ಬಂದದ್ದು ಅಪರೂಪ.

2003ರ ಸೆಪ್ಟೆಂಬರ್ 1ರಂದು ಚೆನ್ನೈನಲ್ಲಿ ಈ ಕಾರ್ಟೂನುಗಳ ದಾರಿ ಮುಚ್ಚಿತು. ಹಣ ಕೊಡಬೇಕಾದ ಚಾನೆಲ್‌ಗಳಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದ ‘ಕ್ಯಾಸ್’ ವ್ಯವಸ್ಥೆ ಉಳಿದ ಮಹಾನಗರಗಳಲ್ಲಿ ಮುಂದಕ್ಕೆ ಹೋಯಿತು, ಇಲ್ಲಿ ಮಾತ್ರ ಜಾರಿಯಾಗಿ ನಿಂತಿತು. ಬಾಕ್ಸ್ ಕೊಳ್ಳದ ಮನೆಗಳೇ ಹೆಚ್ಚು. ಅಲ್ಲಿ ಕಾರ್ಟೂನ್ ನೆಟ್‌ವರ್ಕ್ ಮಾಯ. ಅಣ್ಣ ಕಂಡ ಆಕಾಶನಗರಗಳನ್ನು ತಮ್ಮ ಕಾಣಲಿಲ್ಲ.

ತಮ್ಮನ ಪಾಲಿಗೆ ಬಂದದ್ದು ಬೇರೆ. 2005ರಲ್ಲಿ ಹಂಗಾಮಾ ಚಾನೆಲ್ಲಿನಿಂದ ‘ಡೋರೆಮಾನ್’ ಭಾರತಕ್ಕೆ ಬಂದ. 22ನೇ ಶತಮಾನದ ಈ ಬೆಕ್ಕಿನ ರೋಬೋ ಓಡಾಡುವ ಕಾಲಯಂತ್ರವಿರುವುದು ಶಾಲೆ ಹುಡುಗನ ಮೇಜಿನ ಡ್ರಾಯರಿನಲ್ಲಿ. ಭವಿಷ್ಯ ಆಕಾಶದಿಂದಿಳಿದು ಹೋಂವರ್ಕಿನ ಪಕ್ಕ ಕೂತಿತು. 2007ರಲ್ಲಿ ಸನ್ ಬಳಗ ಚುಟ್ಟಿ ಟಿವಿ ತೆರೆದಾಗ ಜಾಕಿ ಚಾನ್, ಡೋರಾ ಎಲ್ಲರೂ ತಮಿಳಾಡಿದರು. ಎರಡು ವರ್ಷದ ಮೇಲೆ ಅದೇ ಬಳಗದ ಚಿಂಟು ಟಿವಿ ಕನ್ನಡದಲ್ಲಿ ಶುರುವಾಯಿತು. ಡಬ್ಬಿಂಗ್ ವಿರೋಧ ದಶಕಗಳಿಂದ ಬಿಗಿಯಾಗಿದ್ದ ನಾಡಿನ ಮಕ್ಕಳಿಗೆ ಕನ್ನಡ ಮಾತಾಡುವ ಕಾರ್ಟೂನ್ ಚಾನೆಲ್ ಕೊಟ್ಟದ್ದು ಚೆನ್ನೈನ ಕಂಪನಿ. ಆ ವಿರೋಧಕ್ಕೆ ಬೇರೆ ಕಾರಣಗಳಿದ್ದವು, ನಿಜ. ಆದರೆ ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಮಕ್ಕಳು.

ನೋಡುವ ಊರು ಮಾಡುವ ಊರೂ ಆಯಿತು. ಚೆನ್ನೈನ ಪೆಂಟಾಮೀಡಿಯಾ 2000ದಲ್ಲಿ ‘ಸಿಂಬಾದ್’ ಚಿತ್ರವನ್ನು ಪೂರ್ತಿಯಾಗಿ ಮೋಷನ್ ಕ್ಯಾಪ್ಚರ್‌ನಲ್ಲಿ ತಯಾರಿಸಿತು. ಸೋನಿಯ ಇಮೇಜ್‌ವರ್ಕ್ಸ್ 2007ರಿಂದ ಕೆಲವು ವರ್ಷ ಇಲ್ಲಿ ಶಾಖೆ ನಡೆಸಿತು. ‘ಸ್ವಾಟ್ ಕ್ಯಾಟ್ಸ್’ಗೆ ಮರುಹುಟ್ಟು ಕೊಡಲು ಟ್ರೆಂಬ್ಲೆ ಸೋದರರ ಜತೆ ಕೈಜೋಡಿಸಿದ್ದು ತಿರುವನಂತಪುರದ ಟೂನ್ಜ್.

ಕೈಗಳಿಗೆ ಕೊರತೆಯಿಲ್ಲ, ಕಥೆಗೂ ಇಲ್ಲ. ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರಾಗಿದ್ದ ತಮಿಳು ಲೇಖಕ ಸುಜಾತಾ ಎಂಬತ್ತರ ದಶಕದಲ್ಲಿ ಆನಂದ ವಿಕಟನ್ ಪತ್ರಿಕೆಗೆ ‘ಎನ್ ಇನಿಯ ಇಯಂತಿರಾ’ ಧಾರಾವಾಹಿ ಬರೆದರು. ಅದರಲ್ಲಿ ಸರ್ವಾಧಿಕಾರಿಯ ಊರಿನಲ್ಲಿ ನಿಲಾ ಎಂಬ ಹೆಂಗಸಿನ ಜತೆಗಿರುವ, ಪುಸ್ತಕ ಓದುವ ಜೀನೋ ಎಂಬ ಯಂತ್ರನಾಯಿ ಬರುತ್ತದೆ. ಆ ಕಥೆ ದೂರದರ್ಶನದಲ್ಲಿ ನಟರ ಧಾರಾವಾಹಿಯಾಗಿ ಬಂದಿತ್ತು. ಆದರೆ ಜೀನೋ ಚಿತ್ರದ ಗೆರೆಗಳಲ್ಲಿ ಓಡಾಡಬೇಕಾದ ಪ್ರಾಣಿ. ಅದನ್ನು ಚೆನ್ನೈನ ಕಲಾವಿದರ ಕೈಯಿಂದ, ತಮಿಳಿನಲ್ಲಿ, ಚಿಂಟು ಟಿವಿಯ ಮಕ್ಕಳಿಗಾಗಿ ಕನ್ನಡದಲ್ಲೂ ನೋಡುವ ಆಸೆ ನನಗಿದೆ.